ಒಂದು ಟೀ ಶರ್ಟ್ ಹಿಡಿದು ಒಂದು ದೇಶದ ರಫ್ತನ್ನು ಓದುವ ಬಗೆ

ಬಡ ದೇಶವೊಂದರ ರಫ್ತು ಹೆಚ್ಚಿತೆಂಬ ಸುದ್ದಿ ಬಂದಾಗ, ಅಲ್ಲಿ ಕೂಲಿ ಅಗ್ಗ, ಅದಕ್ಕೇ ಬೆಳೆಯಿತು ಎಂದು ಹೇಳಿ ಮುಗಿಸುವವರು ಬಹಳ. ಕೂಲಿ ಅಗ್ಗವಾಗಿರುವ ದೇಶಗಳು ಹತ್ತಾರಿವೆ. ರಫ್ತಿನ ಕಾರ್ಖಾನೆಗಳು ಬೇರೂರಿದ್ದು ಮಾತ್ರ ಕೆಲವೇ ಕಡೆ. ಈ ವ್ಯತ್ಯಾಸವನ್ನು ಅರಿಯಬೇಕಾದರೆ ಮಾರುವ ದೇಶದ ಕೂಲಿಗಿಂತ ಮೊದಲು ಕೊಳ್ಳುವ ದೇಶದ ಸುಂಕದ ಪಟ್ಟಿಯನ್ನು ತೆರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಓದುವ ಕ್ರಮವನ್ನು ಬಾಂಗ್ಲಾದೇಶದ ಸಿದ್ಧ ಉಡುಪಿನ ಉದಾಹರಣೆಯಿಂದ ಇಲ್ಲಿ ವಿವರಿಸುತ್ತೇನೆ. ಆ ದೇಶದ ಸರಕು ರಫ್ತಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಉಡುಪಿನದೇ ಆಗಿರುವುದರಿಂದ ನೀತಿಯ ಗುರುತುಗಳು ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಮೊದಲು ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ. 'ಜವಳಿ' ಎಂಬ ದೊಡ್ಡ ಹೆಸರಿನಿಂದ ಆರಂಭಿಸಿದರೆ ಏನೂ ಕೈಗೆ ಸಿಗುವುದಿಲ್ಲ. ಜಗತ್ತಿನ ಬಹುತೇಕ ಎಲ್ಲ ಕಸ್ಟಮ್ಸ್ ಇಲಾಖೆಗಳೂ ಸರಕನ್ನು ಒಂದೇ ಕ್ರಮದ ಆರು ಅಂಕಿಗಳ ಸಂಕೇತದಿಂದ ಗುರುತಿಸುತ್ತವೆ. ಹತ್ತಿಯ ಹೆಣಿಗೆ ಬಟ್ಟೆಯ ಟೀ ಶರ್ಟಿಗೆ ಅದು 610910. ಇದರಲ್ಲಿ ಮೊದಲ ಎರಡು ಅಂಕಿಗಳು ಅಧ್ಯಾಯವನ್ನು ಸೂಚಿಸುತ್ತವೆ: 61 ಎಂದರೆ ಹೆಣಿಗೆ ಉಡುಪು, 62 ಎಂದರೆ ನೇಯ್ದ ಬಟ್ಟೆಯ ಉಡುಪು. ಈ ಭೇದವನ್ನು ನೆನಪಿನಲ್ಲಿಡಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಎರಡನೆಯದಾಗಿ, ಇದೇ ಸಂಕೇತಕ್ಕೆ ಕೊಳ್ಳುವ ದೇಶಗಳು ವಿಧಿಸುವ ಸುಂಕವನ್ನು ಹುಡುಕಿ. ಐರೋಪ್ಯ ಒಕ್ಕೂಟದ ಸಾಮಾನ್ಯ ದರ ಶೇ. 12, ಆದರೆ ಕನಿಷ್ಠ ಅಭಿವೃದ್ಧಿ ಹೊಂದಿದ ದೇಶಗಳಿಗೆ 2001ರಿಂದ 'ಆಯುಧ ಬಿಟ್ಟು ಎಲ್ಲವೂ' ಎಂಬ ಯೋಜನೆಯಡಿ ಸುಂಕ ಸೊನ್ನೆ. ಆದ್ದರಿಂದಲೇ ಇಷ್ಟು ವರ್ಷ ಪೀಣ್ಯ ಅಥವಾ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿದ ಟೀ ಶರ್ಟ್ ಯುರೋಪಿನ ಬಂದರಿನಲ್ಲಿ ಸುಂಕ ಕಟ್ಟಿ ಒಳಹೋಗುತ್ತಿತ್ತು, ಢಾಕಾದಲ್ಲಿ ಹೊಲಿದದ್ದು ಕಟ್ಟದೆ ಹೋಗುತ್ತಿತ್ತು. ಎರಡೂ ಕಡೆ ಮೆಷಿನ್ ಮುಂದೆ ಕುಳಿತ ಹೆಣ್ಣುಮಗಳ ಕೈಚಳಕ ಒಂದೇ ಆಗಿದ್ದರೂ ಆರ್ಡರ್ ಎತ್ತ ವಾಲುತ್ತದೆಂಬುದನ್ನು ಈ ಅಂತರವೂ ನಿರ್ಧರಿಸುತ್ತದೆ. ರಿಯಾಯಿತಿಯ ಸುದ್ದಿ ಓದುವಾಗ ಅದು ನಿಮ್ಮ ವಸ್ತುವಿಗೆ ಅನ್ವಯಿಸುತ್ತದೆಯೇ ಎಂದೂ ನೋಡಬೇಕು. 2013ರ ಜೂನ್‌ನಲ್ಲಿ ಅಮೆರಿಕ ಬಾಂಗ್ಲಾದೇಶಕ್ಕೆ ನೀಡಿದ್ದ ಸುಂಕ ರಿಯಾಯಿತಿಯನ್ನು ತಡೆಹಿಡಿಯಿತು. ಆದರೆ ಆ ರಿಯಾಯಿತಿಯ ವ್ಯಾಪ್ತಿಯಲ್ಲಿ ಸಿದ್ಧ ಉಡುಪು ಮೊದಲಿನಿಂದಲೂ ಇರಲಿಲ್ಲ.

ಮೂರನೆಯ ಹೆಜ್ಜೆ, ಉದ್ಯಮ ಆ ನೆಲಕ್ಕೆ ಬಂದದ್ದು ಹೇಗೆಂದು ಕೇಳುವುದು. 1974ರಲ್ಲಿ ಜಾರಿಗೆ ಬಂದ ಬಹುನಾರು ಒಪ್ಪಂದವು ಶ್ರೀಮಂತ ದೇಶಗಳು ಉಡುಪಿನ ಆಮದಿಗೆ ದೇಶವಾರು ಕೋಟಾ ನಿಗದಿಪಡಿಸಲು ಅವಕಾಶ ಕೊಟ್ಟಿತು. ದಕ್ಷಿಣ ಕೊರಿಯಾದ ಕೋಟಾ ತುಂಬಿಹೋಗುತ್ತಿತ್ತು, ಬಾಂಗ್ಲಾದೇಶಕ್ಕೆ ಕೋಟಾದ ಮಿತಿಯೇ ಇರಲಿಲ್ಲ. ಹೀಗಾಗಿ 1978ರಲ್ಲಿ ಕೊರಿಯಾದ ಡೇವೂ ಕಂಪನಿಯು ಚಿತ್ತಗಾಂಗ್‌ನ ದೇಶ್ ಗಾರ್ಮೆಂಟ್ಸ್ ಜೊತೆ ಕೈಜೋಡಿಸಿತು. ಅದರ ಸ್ಥಾಪಕ ನೂರುಲ್ ಖಾದೇರ್ ಅವರು 1979ರಲ್ಲಿ ಸುಮಾರು 130 ಮಂದಿಯನ್ನು ತರಬೇತಿಗೆಂದು ಕೊರಿಯಾಕ್ಕೆ ಕಳುಹಿಸಿದರು. ಕಲಿತು ಬಂದವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಹೊರಬಿದ್ದು ಸ್ವಂತ ಕಾರ್ಖಾನೆ ತೆರೆದರು, ಇಲ್ಲವೇ ಬೇರೆಯವರ ಕಾರ್ಖಾನೆ ಕಟ್ಟಿಕೊಟ್ಟರು. ವಿದ್ಯೆ ಒಂದು ಕಾರ್ಖಾನೆಯ ಗೋಡೆ ದಾಟಿ ಊರಿಗೆ ಹಬ್ಬಿದ ಈ ಘಟ್ಟವು ಎಲ್ಲ ದೇಶಗಳಲ್ಲೂ ಬರುವುದಿಲ್ಲ. ಹಾಗಾಗಿ ಯಾವ ದೇಶವನ್ನು ಓದಿದರೂ ವಿದೇಶಿ ಕಂಪನಿಯಲ್ಲಿ ಕಲಿತವರು ಮುಂದೆ ಎಲ್ಲಿಗೆ ಹೋದರೆಂದು ವಿಚಾರಿಸಿ.

ಇಷ್ಟಾದ ಮೇಲೆ ಸ್ವದೇಶಿ ಸರ್ಕಾರ ಏನು ಮಾಡಿತೆಂಬುದಕ್ಕೆ ಬನ್ನಿ. ಬಾಂಗ್ಲಾದೇಶದ ಆಮದು ಸುಂಕ ಆಗ ಬಹಳ ಹೆಚ್ಚಿತ್ತು, ಕಾರ್ಖಾನೆ ಹೂಡುವವರ ಕೈಯಲ್ಲಿ ಬಂಡವಾಳವೂ ಇರಲಿಲ್ಲ. ಈ ಎರಡು ತೊಡಕುಗಳನ್ನು ಬಿಡಿಸಿದ್ದು ಎರಡು ಏರ್ಪಾಡುಗಳು. ಬಾಂಡೆಡ್ ಗೋದಾಮಿನಲ್ಲಿ, ತಂದ ಬಟ್ಟೆಯನ್ನೆಲ್ಲ ಹೊಲಿದು ಹೊರಗೆ ಕಳುಹಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟರೆ ಸುಂಕ ಕಟ್ಟದೆ ಬಟ್ಟೆ ತರಿಸಬಹುದು. ಒಂದು ಡಜನ್ ಅಂಗಿಗೆ ಎಷ್ಟು ಬಟ್ಟೆ ಹಿಡಿಯುತ್ತದೆಂಬ ಲೆಕ್ಕವನ್ನು ತಯಾರಕರ ಸಂಘವೇ ದೃಢೀಕರಿಸುತ್ತದೆ. ಎರಡನೆಯದು ಬೆನ್ನಿಗೆ ಬೆನ್ನು ಕೊಟ್ಟ ಎಲ್.ಸಿ. (ಲೆಟರ್ ಆಫ್ ಕ್ರೆಡಿಟ್, ಅಂದರೆ ಸರಕು ಕಳುಹಿಸಿದ ದಾಖಲೆ ತೋರಿಸಿದರೆ ಹಣ ಕೊಡುತ್ತೇನೆಂದು ಬ್ಯಾಂಕು ಬರೆದುಕೊಡುವ ಭರವಸೆ ಪತ್ರ). ವಿದೇಶಿ ಗ್ರಾಹಕ ಅಂಗಿಗಾಗಿ ತೆರೆದ ಎಲ್.ಸಿ.ಯನ್ನೇ ಆಧಾರವಾಗಿಟ್ಟುಕೊಂಡು, ಬಟ್ಟೆ ಮಾರುವವನ ಹೆಸರಿಗೆ ಸ್ಥಳೀಯ ಬ್ಯಾಂಕು ಇನ್ನೊಂದು ಎಲ್.ಸಿ. ತೆರೆಯುತ್ತದೆ, ಅಂಗಿ ಹಡಗೇರಿ ಹಣ ಬಂದ ಮೇಲೆ ಬಟ್ಟೆಯ ಬಾಕಿ ತೀರುತ್ತದೆ. ಕೈಯಲ್ಲಿ ಕಾಸಿಲ್ಲದವನೂ ಆರ್ಡರ್ ಹಿಡಿಯಲು ಸಾಧ್ಯವಾದದ್ದು ಹೀಗೆ. ಅಗ್ಗದ ಕೂಲಿಯ ಬಗ್ಗೆ ಬರೆಯುವವರು ಈ ಎರಡು ಕಾಗದಗಳ ಬಗ್ಗೆ ಬರೆಯದಿರುವುದು ನನಗೆ ಬೇಸರದ ಸಂಗತಿ. ಇಂಥದೇ ಅನುಕೂಲ ಚರ್ಮ, ಪಾದರಕ್ಷೆಗಳಂಥ ಉದ್ಯಮಗಳಿಗೆ ಅಷ್ಟೇ ಸರಾಗವಾಗಿ ಸಿಗಲಿಲ್ಲ. ದೇಶ ಒಂದೇ ಸರಕಿಗೆ ಜೋತುಬಿದ್ದುದಕ್ಕೆ ಇದೂ ಒಂದು ಕಾರಣ.

ಈಗ 61 ಮತ್ತು 62ರ ಭೇದಕ್ಕೆ ಮರಳೋಣ. ಸೊನ್ನೆ ಸುಂಕದ ಜೊತೆಗೆ ಮೂಲದೇಶದ ನಿಯಮವೂ ಇರುತ್ತದೆ, ಅಂದರೆ ಸರಕಿನ ಎಷ್ಟು ಕೆಲಸ ಆ ದೇಶದಲ್ಲೇ ನಡೆದಿರಬೇಕೆಂಬ ಷರತ್ತು. 2011ರವರೆಗೆ ಯುರೋಪು ಎರಡು ಹಂತಗಳನ್ನು ಕೇಳುತ್ತಿತ್ತು: ನೂಲಿನಿಂದ ಬಟ್ಟೆ, ಬಟ್ಟೆಯಿಂದ ಉಡುಪು. ಹೆಣಿಗೆ ಯಂತ್ರಗಳಿಗೆ ನೇಯ್ಗೆ ಗಿರಣಿಗಿಂತ ಕಡಿಮೆ ಬಂಡವಾಳ ಸಾಕಾಗಿದ್ದರಿಂದ ನಾರಾಯಣಗಂಜ್ ಹೆಣಿಗೆ ಉಡುಪಿನ ಕೇಂದ್ರವಾಗಿ ಬೆಳೆಯಿತು, ಅದರ ಹಿಂದೆಯೇ ನೂಲಿನ ಗಿರಣಿಗಳೂ ಬಂದವು. ನೇಯ್ದ ಬಟ್ಟೆಯಾದರೋ ಹೆಚ್ಚಾಗಿ ಚೀನಾದಿಂದಲೇ ಬರುತ್ತಿತ್ತು. ದೂರದ ಬ್ರಸೆಲ್ಸ್‌ನಲ್ಲಿ ಬರೆದ ಒಂದು ಷರತ್ತು ಬಂಗಾಳದ ನದಿ ದಂಡೆಯ ಊರಿನಲ್ಲಿ ಯಾವ ಯಂತ್ರ ಓಡಬೇಕೆಂಬುದನ್ನೂ ತೀರ್ಮಾನಿಸಬಲ್ಲದು.

ನಿವ್ವಳ ಗಳಿಕೆಯ ಲೆಕ್ಕವೂ ಇಲ್ಲಿಯೇ ತೆರೆದುಕೊಳ್ಳುತ್ತದೆ. 100 ಡಾಲರ್ ಬೆಲೆಯ ಅಂಗಿಗಳಿಗೆ 60 ಡಾಲರಿನ ಬಟ್ಟೆ, ದಾರ, ಗುಂಡಿ ಹೊರಗಿನಿಂದ ಬಂದಿದ್ದರೆ ದೇಶದಲ್ಲಿ ಉಳಿಯುವುದು 40 ಮಾತ್ರ. ರಫ್ತಿನ ಅಂಕಿ ನೋಡಿದಾಗಲೆಲ್ಲ ಅದೇ ವರ್ಷದ ಹತ್ತಿ, ನೂಲು, ಬಟ್ಟೆಗಳ ಆಮದನ್ನು ಪಕ್ಕದಲ್ಲಿ ಬರೆದು ಕಳೆಯಿರಿ.

ಕೂಲಿಯನ್ನು ಕೊನೆಗೆ ಇಟ್ಟಿರುವುದು ಅದು ಮುಖ್ಯವಲ್ಲ ಎಂದಲ್ಲ. ಬಾಂಗ್ಲಾದೇಶದ ಉಡುಪು ಕಾರ್ಮಿಕರ ಕನಿಷ್ಠ ಮಾಸಿಕ ವೇತನ 2018ರ ಕೊನೆಯಲ್ಲಿ 8,000 ಟಾಕಾ ಆಯಿತು, ಮುಂದಿನ ಏರಿಕೆ 12,500ಕ್ಕೆ, ಅದೂ 2023ರ ಡಿಸೆಂಬರ್‌ನಲ್ಲಿ. ನಡುವಿನ ಐದು ವರ್ಷಗಳಲ್ಲಿ ಅಕ್ಕಿ ಮತ್ತು ಮನೆಬಾಡಿಗೆ ಎಷ್ಟು ಏರಿತೆಂದು ಭಾಗಿಸಿ ನೋಡಿದರೆ ಮಾತ್ರ ಈ ಅಂಕಿಗೆ ಅರ್ಥ ಬರುತ್ತದೆ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಕಟ್ಟಡ ಬಿರುಕು ಬಿಟ್ಟಿದ್ದರೂ ಅವರನ್ನು ಕೆಲಸಕ್ಕೆ ಕರೆಯಲಾಗಿತ್ತು. ಆರ್ಡರಿನ ಗಡುವು ಮತ್ತು ಬೆಲೆ ಯಾರ ಮೇಲೆ ಭಾರವಾಗಿ ಕೂರುತ್ತದೆಂಬುದು ಯಾವ ರಫ್ತು ಪಟ್ಟಿಯಲ್ಲೂ ಕಾಣುವುದಿಲ್ಲ. ಕಟ್ಟಡ ತಪಾಸಣೆಯ ವರದಿ, ಕಾರ್ಮಿಕ ಸಂಘಗಳಿಗಿರುವ ಅವಕಾಶ, ಇವನ್ನು ಪ್ರತ್ಯೇಕವಾಗಿ ಹುಡುಕಿ ಓದಬೇಕು.

ಇನ್ನು ಮುಂದಿನ ದಿನಗಳ ಅಂದಾಜು. ಕನಿಷ್ಠ ಅಭಿವೃದ್ಧಿ ಹೊಂದಿದ ದೇಶಗಳ ಪಟ್ಟಿಯಿಂದ ಬಾಂಗ್ಲಾದೇಶ ಹೊರಬರಲು ವಿಶ್ವಸಂಸ್ಥೆ 2021ರಲ್ಲಿ ನಿಗದಿಪಡಿಸಿದ ದಿನ 2026ರ ನವೆಂಬರ್ 24. ಯುರೋಪಿನ ರಿಯಾಯಿತಿ ಅದಾದ ನಂತರವೂ ಮೂರು ವರ್ಷ ಮುಂದುವರಿಯುತ್ತದೆ. ಆಮೇಲೆ ಜಿಎಸ್‌ಪಿ ಪ್ಲಸ್ ಎಂಬ ಯುರೋಪಿನ ಇನ್ನೊಂದು ಸುಂಕ ರಿಯಾಯಿತಿ ಯೋಜನೆಗೆ ಸೇರಿಕೊಂಡರೂ, 2011ರಲ್ಲಿ ಸಡಿಲಗೊಂಡಿದ್ದ ಎರಡು ಹಂತಗಳ ಹಳೆಯ ಷರತ್ತು ಮತ್ತೆ ಎದುರಾಗುತ್ತದೆ. ಆದ್ದರಿಂದ 61 ಮತ್ತು 62ನೇ ಅಧ್ಯಾಯಗಳಿಗೆ ಎರಡು ಅಂಕಣ ಮಾಡಿ, ಯುರೋಪಿಗೆ ಹೋದ ರಫ್ತನ್ನು ವರ್ಷವಾರು ತುಂಬುತ್ತಾ ಬನ್ನಿ. ಪೆಟ್ಟು ಬಿದ್ದರೆ ಅದು ಮೊದಲು ಕಾಣುವುದು ಚೀನಾದ ಬಟ್ಟೆಯನ್ನು ನೆಚ್ಚಿಕೊಂಡ 62ರ ಅಂಕಣದಲ್ಲಿ.