ಒಂದು ಬಿಲ್ ಪಟ್ಟಿಗೆ 825 ಕ್ವೆರಿ

ಹಾಲಿನ ಸಂಘವೊಂದಕ್ಕೆ ನಾನು ಬರೆದುಕೊಟ್ಟ ಸಾಫ್ಟ್‌ವೇರ್‌ನಲ್ಲಿ ಹದಿನೈದು ದಿನದ ಬಿಲ್ ಪಟ್ಟಿ ತೆರೆಯಲು ನಾಲ್ಕು ಸೆಕೆಂಡ್ ಹಿಡಿಯುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಡೇಟಾಬೇಸ್‌ನಲ್ಲಿ ಹುಡುಕಾಟ ಚುರುಕಾಗಿಸುವ ಇಂಡೆಕ್ಸ್ ಸರಿಯಿಲ್ಲವೇನೋ ಅಂತ ಎರಡು ದಿನ ಅದರ ಹಿಂದೆ ಬಿದ್ದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್; ನಿಧಾನವಾದ ಕ್ವೆರಿಗಳನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನು) ಬರೆದಿಡುವ ಅದರ ಸ್ಲೋ ಕ್ವೆರಿ ಲಾಗ್ ನೋಡಿದರೆ ಖಾಲಿ.

ಕೊನೆಗೆ ಹೈಬರ್ನೇಟ್ (ಜಾವಾ ಕೋಡ್ ಮತ್ತು ಡೇಟಾಬೇಸ್ ನಡುವೆ ಕೂರುವ ಲೈಬ್ರರಿ) ಕಳಿಸುವ ಎಸ್‌ಕ್ಯೂಎಲ್ ಕ್ವೆರಿಗಳನ್ನೇ ಪ್ರಿಂಟ್ ಮಾಡಿಸಿದೆ. ಪರದೆ ಓಡುತ್ತಲೇ ಇತ್ತು. ರೈತರ ಪಟ್ಟಿಗೆ ಒಂದು ಕ್ವೆರಿ. ಆಮೇಲೆ 412 ರೈತರಲ್ಲಿ ಒಬ್ಬೊಬ್ಬರಿಗೂ ಹಾಲಿನ ಲೆಕ್ಕಕ್ಕೊಂದು, ಪಶು ಆಹಾರದ ಕಡಿತಕ್ಕೊಂದು. ಒಟ್ಟು 825. ಒಂದೊಂದೂ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವಂಥದ್ದೇ. ಆದರೆ ಅಲ್ಲಿ ಡೇಟಾಬೇಸ್ ಬೇರೆ ಮೆಷಿನ್‌ನಲ್ಲಿತ್ತು, ಹೋಗಿಬರಲು ನಾಲ್ಕು ಮಿಲಿಸೆಕೆಂಡ್. ಗುಣಿಸಿ ನೋಡಿ.

ತಪ್ಪು ನನ್ನ ಕೋಡ್‌ನ ಪದರಗಳದ್ದು. ಲೆಕ್ಕಾಚಾರದ ಕೋಡ್ ಇರುವ ಸರ್ವಿಸ್ ಲೇಯರ್‌ನಲ್ಲಿ ಲೂಪ್ ಒಳಗೆ ರೈತನ ಎಂಟ್ರಿಗಳನ್ನು ಕೇಳುವ ಸಾಲು ನೋಡಿದರೆ ಅದು ಡೇಟಾಬೇಸ್‌ಗೆ ಹೋಗುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಕೇಳಿದಾಗಷ್ಟೇ ಡೇಟಾ ತರುವ ಲೇಜಿ ಲೋಡ್‌ನ ಸೊಗಸೂ ಅದೇ, ಕಾಟವೂ ಅದೇ.

ಮೊದಲು ಹಾಲಿನ ಎಂಟ್ರಿ, ಕಡಿತ ಎರಡಕ್ಕೂ ಜಾಯಿನ್ ಫೆಚ್ ಹಾಕಿದೆ, ಅಂದರೆ ರೈತರ ಜೊತೆಗೇ ಒಂದೇ ಕ್ವೆರಿಯಲ್ಲಿ ತರಲು ಹೇಳಿದೆ. ಎರಡು ಲಿಸ್ಟ್ ಒಟ್ಟಿಗೆ ತರಲಾಗದೆಂದು ಹೈಬರ್ನೇಟ್ ಎಕ್ಸೆಪ್ಷನ್ (ದೋಷದ ಸೂಚನೆ) ಎಸೆಯಿತು. ಲಿಸ್ಟ್ ತೆಗೆದು ಸೆಟ್ ಮಾಡಿದೆ, ಎಕ್ಸೆಪ್ಷನ್ ಮಾಯ. ಖುಷಿಪಟ್ಟೆ, ಪೆದ್ದನ ಹಾಗೆ. ಬೆಳಿಗ್ಗೆ, ಸಂಜೆ ಸೇರಿ ಒಬ್ಬರಿಗೆ 30 ಎಂಟ್ರಿ, ನಾಲ್ಕು ಕಡಿತ. ಗುಣಾಕಾರವಾಗಿ ತಲೆಗೆ 120 ಸಾಲು ಬರುತ್ತಿತ್ತು. ಆಮೇಲೆ ಎಂಟಿಟಿಗಳ (ಟೇಬಲ್‌ನ ಸಾಲನ್ನು ಪ್ರತಿನಿಧಿಸುವ ಆಬ್ಜೆಕ್ಟ್‌ಗಳ) ಗೊಡವೆಯೇ ಬೇಡವೆಂದು ಪರದೆಗೆ ಬೇಕಾದ ಐದು ಕಾಲಂ ಮಾತ್ರ ಇರುವ ಡಿಟಿಒ (ಡೇಟಾ ಸಾಗಿಸಲಷ್ಟೇ ಇರುವ ಸರಳ ಆಬ್ಜೆಕ್ಟ್) ಮಾಡಿ, ಮೊತ್ತವನ್ನು ಡೇಟಾಬೇಸ್‌ನಲ್ಲೇ ತೆಗೆಸಿದೆ. ಅಲ್ಲೂ ಮೊದಲ ಸಲ ಇದೇ ಗುಣಾಕಾರ ಕೈಕೊಟ್ಟಿತು: ನಾಲ್ಕು ಕಡಿತ ಇದ್ದವರ ಹಾಲಿನ ಹಣ ನಾಲ್ಕು ಪಟ್ಟು! ಎರಡು ಮೊತ್ತಗಳನ್ನೂ ಬೇರೆಬೇರೆ ಸಬ್‌ಕ್ವೆರಿಯಲ್ಲಿ ಕೂಡಿಸಿ, ನಂತರ ಜೋಡಿಸಿದ ಮೇಲೆ ಲೆಕ್ಕ ಸರಿಹೋಯಿತು. ಒಂದೇ ಕ್ವೆರಿ, 412 ಸಾಲು. ಉಳಿಸುವ, ತಿದ್ದುವ ಕೆಲಸಕ್ಕೆ ಎಂಟಿಟಿಗಳು ಹಾಗೇ ಉಳಿದವು.

ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಹಾಲಿಗೆ ಕೊಡುವ ದರಪಟ್ಟಿಯನ್ನು ಕ್ಯಾಶ್‌ನಲ್ಲಿ (ಬೇಗ ಸಿಗಲೆಂದು ಇಡುವ ತಾತ್ಕಾಲಿಕ ಪ್ರತಿಯಲ್ಲಿ) ಇಟ್ಟೆ, ಅದು ಬದಲಾಗುವುದೇ ಅಪರೂಪ. ಬದಲಾದ ದಿನ ಸಂಜೆ ಹಾಲಿಗೆ ಹಳೇ ದರವೇ ಬಿತ್ತು. ಹೊಸ ದರ ಡೇಟಾಬೇಸ್‌ನಲ್ಲಿ ಕಮಿಟ್ (ಖಾಯಂ) ಆಗುವ ಮೊದಲೇ ನಾನು ಕ್ಯಾಶ್ ಅಳಿಸುತ್ತಿದ್ದೆ. ಆ ಸಂದಿಯಲ್ಲಿ ಇನ್ನೊಂದು ರಿಕ್ವೆಸ್ಟ್ ಬಂದು ಹಳೇ ದರ ಓದಿ ಮತ್ತೆ ತುಂಬಿಸಿಬಿಟ್ಟಿತ್ತು. ಈಗ ಕಮಿಟ್ ಆದ ಮೇಲಷ್ಟೇ ಅಳಿಸುತ್ತೇನೆ. ಜೊತೆಗೆ ಕ್ಯಾಶ್‌ಗೆ ಐದು ನಿಮಿಷದ ಆಯುಸ್ಸನ್ನೂ ಕೊಟ್ಟಿದ್ದೇನೆ.

ಕ್ವೆರಿ ಎಣಿಸುವ ಒಂದು ಟೆಸ್ಟ್ ಕೂಡ ಬರೆದಿಟ್ಟೆ. ಕಳೆದ ತಿಂಗಳು ಸಹೋದ್ಯೋಗಿಯೊಬ್ಬರು ಪಟ್ಟಿಗೆ ಬ್ಯಾಂಕ್ ಶಾಖೆಯ ಹೆಸರು ಸೇರಿಸಿದರು, ಲೂಪ್ ಒಳಗೇ. ಟೆಸ್ಟ್ ಡೇಟಾದಲ್ಲಿ 20 ರೈತರು. ಒಂದಿದ್ದ ಕ್ವೆರಿ 21 ಆಗಿ ಟೆಸ್ಟ್ ಫೇಲಾಯಿತು, ಬಿಲ್ಡ್ ಕೆಂಪಾಯಿತು.