ಹಿತ್ತಲಲ್ಲಿ ಹೂತಿದ್ದ ಎಣ್ಣೆ ಟ್ಯಾಂಕು ತೆಗೆಸಿದ್ದು

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಾವು ಕೊಂಡ ಮನೆ 1956ರದು. ಕೊಳ್ಳುವಾಗ ಗ್ಯಾಸ್ ಹೀಟಿಂಗ್ ಇದೆಯಲ್ಲ, ಸಾಕು ಅಂದುಕೊಂಡಿದ್ದೆವು. ಆರು ವರ್ಷದ ನಂತರ ಬೇಸ್‌ಮೆಂಟಿಗೆ ಬಣ್ಣ ಹೊಡೆಯೋಣ ಅಂತ ಕಪಾಟು ಸರಿಸಿದೆ. ಗೋಡೆಯ ಬುಡದಲ್ಲಿ ಎರಡು ತಾಮ್ರದ ಕೊಳವೆಗಳು ಕಂಡವು. ಬೆರಳಿಗಿಂತ ಸಣ್ಣವು, ಬಾಯಿ ಜಜ್ಜಿ ಮುಚ್ಚಿದ್ದರು. ಹೊರಗೆ ಹೋಗಿ ನೋಡಿದರೆ ಅದೇ ನೇರಕ್ಕೆ, ಪೊದೆಯ ಮರೆಯಲ್ಲಿ, ಕೊಡೆಯಂಥ ಮುಚ್ಚಳವಿದ್ದ ಒಂದು ಕಬ್ಬಿಣದ ಪೈಪು. ಇವೆಲ್ಲ ಹೂತಿಟ್ಟ ಎಣ್ಣೆ ಟ್ಯಾಂಕಿನ ಕೊಳವೆಗಳು. ಮನೆ ಬಿಸಿ ಮಾಡಲು ಮೊದಲು ಎಣ್ಣೆ ಉರಿಸುತ್ತಿದ್ದರು. ಗ್ಯಾಸಿಗೆ ಬದಲಾಯಿಸಿದಾಗ ಟ್ಯಾಂಕನ್ನು ಹಾಗೇ ಮಣ್ಣಲ್ಲಿ ಬಿಟ್ಟಿದ್ದರು.

ಈ ಟ್ಯಾಂಕುಗಳು ಉಕ್ಕಿನವು. ಹೊರಗಿನಿಂದ ಮಣ್ಣಿನ ತೇವ ತಿನ್ನುತ್ತದೆ. ಒಳಗಿನಿಂದ ನೀರು ತಿನ್ನುತ್ತದೆ, ಏಕೆಂದರೆ ನೀರು ಎಣ್ಣೆಗಿಂತ ಭಾರ, ತಳದಲ್ಲೇ ಕೂರುತ್ತದೆ. ಸೋರಿದರೆ ಮಣ್ಣು ಶುಚಿ ಮಾಡಿಸುವ ಹೊಣೆ ಈಗಿನ ಮಾಲೀಕನ ತಲೆ ಮೇಲೆ. ಮನೆ ಮಾರಲು ಹೋದರೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಹಾಗಾಗಿ ಮುಂದೆ ಹಾಕಲಿಲ್ಲ.

ಟ್ಯಾಂಕು ತೆಗೆಯುವ ಮೂವರು ಕಂಟ್ರಾಕ್ಟರುಗಳನ್ನು ವಿಚಾರಿಸಿದೆ. ಒಬ್ಬ ಜಾಗವನ್ನೇ ನೋಡದೆ ಫೋನಿನಲ್ಲಿ 900 ಡಾಲರ್ ಅಂದ, ಪರ್ಮಿಟ್ ಗೊಡವೆ ಬೇಡ ಅಂತಲೂ ಸೇರಿಸಿದ. ಅವನನ್ನು ಅಲ್ಲಿಗೇ ಬಿಟ್ಟೆ. ಪರ್ಮಿಟ್ ಇಲ್ಲದೆ ತೆಗೆದರೆ ಟೌನಿನ ಇನ್‌ಸ್ಪೆಕ್ಟರ್ ಬರುವುದಿಲ್ಲ, ಇನ್‌ಸ್ಪೆಕ್ಟರ್ ಬರದಿದ್ದರೆ ಟ್ಯಾಂಕು ಹೋಯಿತು ಎನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಇನ್ನೊಬ್ಬರು ಟ್ಯಾಂಕನ್ನು ತೊಳೆದು, ಒಳಗೆ ಫೋಮ್ ತುಂಬಿಸಿ, ಅಲ್ಲೇ ಬಿಡೋಣ ಅಂದರು. ಅಗೆಯಲು ಆಗದ ಕಡೆ, ಅಂದರೆ ಮನೆಯ ಕಟ್ಟಡದ ಅಡಿ ಇದ್ದರೆ, ಅದು ಸರಿ. ನಮ್ಮದು ಬಯಲಿನಲ್ಲೇ ಇತ್ತು. ಅಡಿಯ ಮಣ್ಣು ಹೇಗಿದೆ ಎಂಬುದು ಅಗೆದು ನೋಡಿದರೆ ತಾನೇ ಗೊತ್ತಾಗುವುದು?

ಮೂರನೆಯವರು ಮನೆಗೆ ಬಂದರು. ಕಬ್ಬಿಣ ಪತ್ತೆಹಚ್ಚುವ ಯಂತ್ರ ಹಿಡಿದು ಹುಲ್ಲಿನ ಮೇಲೆ ಓಡಾಡಿ, ಟ್ಯಾಂಕಿನ ನಾಲ್ಕು ಮೂಲೆಗೂ ಬಣ್ಣದ ಗುರುತು ಹಾಕಿದರು. 550 ಗ್ಯಾಲನ್ ಇರಬೇಕು ಅಂದರು, ಅಂದರೆ ಸುಮಾರು 2,000 ಲೀಟರ್. 1,900 ಡಾಲರ್ ಹೇಳಿದರು. ರಾಜ್ಯದ ಪರಿಸರ ಇಲಾಖೆ, ಡಿಇಪಿ, ಇಂಥ ಕೆಲಸಕ್ಕೆ ಕಂಪನಿಗಳಿಗೆ ಸರ್ಟಿಫಿಕೇಟ್ ಕೊಡುತ್ತದೆ. ಅವರ ಸಂಖ್ಯೆ ತೆಗೆದುಕೊಂಡು ನಾನೇ ನೋಡಿ ಖಚಿತ ಮಾಡಿಕೊಂಡೆ. ಇನ್ಶೂರೆನ್ಸ್ ಪತ್ರದಲ್ಲಿ ಮಾಲಿನ್ಯದ ಹೊಣೆ ಬೇರೆಯಾಗಿ ಬರೆದಿದೆಯಾ ಅಂತಲೂ ಹುಡುಕಿದೆ. ಸಾಮಾನ್ಯ ಪಾಲಿಸಿಯಲ್ಲಿ ಅದು ಬಹುತೇಕ ಸೇರಿರುವುದಿಲ್ಲ.

ಆದರೆ ನಾನು ಹೆಚ್ಚು ಹೊತ್ತು ಕೂತದ್ದು ಕರಾರಿನ ಎರಡನೇ ಪುಟದ ಮೇಲೆ. ಮಣ್ಣಿನಲ್ಲಿ ಎಣ್ಣೆ ಕಂಡರೆ ಶುಚಿ ಕೆಲಸವನ್ನೂ ಇವರೇ ಆಗಿನ ದರದಲ್ಲಿ ಮಾಡುತ್ತಾರೆ ಎಂಬ ಒಂದು ಸಾಲು ಅಲ್ಲಿತ್ತು. ನಿಜವಾದ ದುಡ್ಡು ಇರುವುದೇ ಆ ಸಾಲಿನಲ್ಲಿ. ಹಿತ್ತಲಲ್ಲಿ ಗುಂಡಿ ತೆರೆದಿರುವಾಗ ನಿಂತು ಚೌಕಾಸಿ ಮಾಡಲು ಯಾರಿಗೂ ಆಗುವುದಿಲ್ಲ. ಅದನ್ನು ಹೊಡೆದುಹಾಕಿಸಿ ಹೀಗೆ ಬರೆಸಿದೆ: ಅಗೆತ, ಸಾಗಣೆ, ವಿಲೇವಾರಿ, ಹೊಸ ಮಣ್ಣು ಎಲ್ಲ ಸೇರಿ ಟನ್ನಿಗೆ 165 ಡಾಲರ್, ಪ್ರತಿ ಲಾರಿಗೂ ತೂಕದ ಚೀಟಿ, ನನ್ನ ಸಹಿ ಇಲ್ಲದೆ ಒಂದು ಬಕೆಟ್ ಮಣ್ಣೂ ಹೆಚ್ಚಿಗೆ ಅಗೆಯುವಂತಿಲ್ಲ, ಮಣ್ಣಿನ ಪರೀಕ್ಷೆಗೆ ನಾನು ಗೊತ್ತುಮಾಡಿದ ಬೇರೆಯವರು, ಒಂದು ವರ್ಷದೊಳಗೆ ನೆಲ ಕುಸಿದರೆ ಮಣ್ಣು ತುಂಬಿಕೊಡಬೇಕು. ಎರಡು ದಿನ ಹಿಂದೆಮುಂದೆ ನೋಡಿ ಒಪ್ಪಿದರು.

ಅಗೆಯುವ ಮುಂಚೆ 811ಕ್ಕೆ, ಅಂದರೆ ನೆಲದಡಿಯ ಲೈನುಗಳಿಗೆ ಗುರುತು ಹಾಕಿಸುವ ಸಂಖ್ಯೆಗೆ, ಫೋನ್ ಮಾಡಿ ಮೂರು ಕೆಲಸದ ದಿನ ಕಾಯಬೇಕು. ಗ್ಯಾಸಿಗೆ ಹಳದಿ, ಕರೆಂಟಿಗೆ ಕೆಂಪು, ನೀರಿಗೆ ನೀಲಿ ಗುರುತು ಹಾಕಿಹೋದರು. ಗ್ಯಾಸ್ ಲೈನ್ ಟ್ಯಾಂಕಿನಿಂದ ನಾಲ್ಕೇ ಅಡಿ ದೂರದಲ್ಲಿತ್ತು. ಮನೆಯವರೇ ಎಳೆಸಿಕೊಂಡ ಲೈನುಗಳಿಗೆ ಅವರು ಗುರುತು ಹಾಕುವುದಿಲ್ಲ. ನಮ್ಮ ಗ್ಯಾರೇಜಿಗೆ ಹೋಗುವ ಕೇಬಲ್ ಹಾಗೆ ಎಳೆಸಿದ್ದು, ಅದನ್ನು ನಾನೇ ತೋರಿಸಿಕೊಟ್ಟೆ.

ಆ ದಿನ ರಜೆ ಹಾಕಿ ಮನೆಯಲ್ಲೇ ಇದ್ದೆ. ಮೊದಲು ಮೇಲಿನ ಮಣ್ಣು ತೆಗೆದು, ಉಳಿದ ಎಣ್ಣೆಯನ್ನು ಟ್ಯಾಂಕರಿಗೆ ಹೀರಿದರು. ಆಮೇಲೆ ಟ್ಯಾಂಕಿನ ನೆತ್ತಿ ಕತ್ತರಿಸಿದರು. ಹೊತ್ತಿಕೊಳ್ಳುವಂಥ ಆವಿ ಇದೆಯಾ ಅಂತ ಮೀಟರ್ ಇಳಿಬಿಟ್ಟು ನೋಡಿದ ಮೇಲೆಯೇ ಬಿಳಿ ಸೂಟಿನ ಹುಡುಗನೊಬ್ಬ ಒಳಗಿಳಿದು, ತಳದ ರಾಡಿ ಬಳಿದು ಡ್ರಮ್ಮಿಗೆ ತುಂಬಿಸಿದ. ಸರಪಳಿ ಬಿಗಿದು ಟ್ಯಾಂಕು ಎತ್ತುವ ಹೊತ್ತಿಗೆ, ತಿಪಟೂರಿನಿಂದ ಬಂದಿದ್ದ ಅಮ್ಮ ಬಾಗಿಲಲ್ಲಿ ನಿಂತು, "ಸೀಮೆಎಣ್ಣೆ ವಾಸನೆ ಬರ್ತಿದೆಯಲ್ಲೋ, ಪಂಪ್ ಸ್ಟವ್ ಆರಿಸಿದಾಗ ಬರೋ ಥರ," ಅಂದರು. ನನ್ನ ಎದೆ ಧಸಕ್ಕೆಂದಿತು. ಗುಂಡಿಯ ಸುತ್ತಲಿನ ಮಣ್ಣು ಕೆಂಪಗಿತ್ತು, ತಳದಲ್ಲಿ ಮಾತ್ರ ಒಂದು ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಟೌನಿನ ಇನ್‌ಸ್ಪೆಕ್ಟರ್ ಬಂದು ಟ್ಯಾಂಕನ್ನು ಮಗ್ಗುಲಾಗಿಸಲು ಹೇಳಿದರು. ತುಕ್ಕು ಕೆರೆದಾಗ ಸಾಸಿವೆ ಕಾಳಿನಷ್ಟು ಮೂರು ತೂತು, ಮೂರೂ ತಳದಲ್ಲೇ. ಅಲ್ಲಿಂದಲೇ ಡಿಇಪಿಗೆ ಫೋನ್ ಮಾಡಿ ಸೋರಿಕೆ ವರದಿ ಮಾಡಿದೆವು, ಕೇಸ್ ನಂಬರ್ ಕೊಟ್ಟರು. ಕಂಟ್ರಾಕ್ಟರ್ ಗುಂಡಿ ನೋಡಿದವರೇ "60 ಟನ್ ಆಗಬಹುದು" ಅಂದರು. ನಾನು ಕರಾರು ತೋರಿಸಿ, ಪರೀಕ್ಷೆಯವರು ಬರುವ ತನಕ ಕೈಯಿಡಬೇಡಿ ಅಂದೆ. ಪರೀಕ್ಷೆಯವರು ಮರುದಿನ ಬಂದರು. ಅವರು ತೋರಿಸಿದಷ್ಟನ್ನೇ ಅಗೆದು, ಗುಂಡಿಯ ತಳ ಮತ್ತು ಪಕ್ಕಗಳಿಂದ ಮಾದರಿ ಲ್ಯಾಬಿಗೆ ಕಳಿಸಿದೆವು. ಫಲಿತಾಂಶ ಬರುವ ತನಕ ಗುಂಡಿಗೆ ಬೇಲಿ ಕಟ್ಟಿ, ಮಕ್ಕಳನ್ನು ಆ ಕಡೆ ಬಿಡದೆ ಕಾಯ್ದೆವು. ಉಳಿದ ಮಣ್ಣು ಮಿತಿಯೊಳಗಿತ್ತು. ತೂಕದ ಚೀಟಿಗಳನ್ನು ಕೂಡಿಸಿದರೆ 24 ಟನ್, 3,960 ಡಾಲರ್.

ಇನ್ನು ಕ್ರಮ ಬೇಕಿಲ್ಲ ಎಂಬ ಡಿಇಪಿ ಪತ್ರ ಐದು ತಿಂಗಳಿಗೆ ಕೈಸೇರಿತು. ಪರ್ಮಿಟ್, ಲ್ಯಾಬ್ ವರದಿ, ಟ್ಯಾಂಕನ್ನು ಗುಜರಿಗೆ ಹಾಕಿದ ರಸೀದಿ ಎಲ್ಲವನ್ನೂ ಅದರ ಜೊತೆ ಮನೆ ಪತ್ರದ ಫೈಲಿಗೇ ಸೇರಿಸಿದ್ದೇನೆ. ಚಳಿಗಾಲದ ಹಿಮ ಕರಗಿದ ಮೇಲೆ ಆ ಜಾಗ ಒಂದು ಗೇಣು ಕುಸಿದು ನೀರು ನಿಂತಿತು. ಫೋಟೋ ತೆಗೆದು ಕಳಿಸಿದೆ. ಅದೇ ವಾರ ಬಂದು ಮಣ್ಣು ಸುರಿದು, ಮಟ್ಟ ಮಾಡಿ, ಹುಲ್ಲಿನ ಬೀಜ ಎರಚಿ ಹೋದರು.