ಬ್ಯಾಳಿ ಕಟ್ಟು ಅಲ್ರಿ, ಬ್ಯಾಳಿ ಉಣಸ್ರಿ: ಆರು ತಿಂಗಳ ಕೂಸಿನ ಊಟ ಶುರು ಮಾಡೋದು ಹ್ಯಾಂಗ

ನನ್ನ ದೊಡ್ಡ ಮಗಗ ಆರು ತಿಂಗಳು ತುಂಬಿದಾಗ ಮನ್ಯಾಗ ಎಲ್ಲಾರೂ ಹೇಳಿದ್ದು ಒಂದೇ ಮಾತು, ಬ್ಯಾಳಿ ಕಟ್ಟು ಕುಡಸು, ಹಗುರ ಇರ್ತದ, ಹೊಟ್ಟಿಗಿ ತ್ರಾಸ ಆಗಂಗಿಲ್ಲ ಅಂತ. ನಾನೂ ಕುಡಸಿದೆ. ತೊಗರಿ ಬ್ಯಾಳಿ ಕುದ್ದ ಮ್ಯಾಲ ತಿಳಿ ನೀರು ಬಸಕೊಂಡು ಮೂರು ತಿಂಗಳು ಅದನ್ನೇ ಚಮಚಾದಾಗ ಹಾಕಿದೆ. ಒಂಬತ್ತನೇ ತಿಂಗಳ ದಡಾರದ ಸೂಜಿಗಿ ಹೋದಾಗ ನೋಡಿದ್ರ ತಾಯಿ ಕಾರ್ಡ್‌ನಾಗಿನ ತೂಕದ ಗೆರಿ ಮ್ಯಾಲ ಏರೋದು ಬಿಟ್ಟು ಮಲಗಿಬಿಟ್ಟದ. ನರ್ಸಮ್ಮ ಕೇಳಿದ್ರು, ಕಟ್ಟು ಕೂಸಿಗಿ ಹಾಕ್ತಿ, ಉಳದ ಬ್ಯಾಳಿ ಯಾರು ಉಣ್ತಾರವಾ? ನಾವು ರಿ ಅಂದೆ. ಅಂದ ಮ್ಯಾಲ ನನಗ ನಾಚಿಕಿ ಆಯ್ತು.

ನಮ್ಮ ಕಲಬುರಗಿ ತೊಗರಿಗಿ 2019ರಾಗ ಜಿಐ ಟ್ಯಾಗ್ ಬಂದದ, ಊರಿಗೆಲ್ಲ ಬ್ಯಾಳಿ ಕಳಸೋರು ನಾವು, ಕೂಸಿಗಿ ಮಾತ್ರ ಅದರ ನೀರು.

ಕೂಸಿನ ಹೊಟ್ಟಿ ಎಷ್ಟು ಹಿಡಿತದ ಅನ್ನೋದು ಮೊದಲ ತಿಳಕೋಬೇಕ್ರಿ. ಒಂದು ಕಿಲೋ ತೂಕಕ್ಕ ಹೆಚ್ಚು ಕಡಿಮಿ 30 ಎಂಎಲ್, ಅಂದ್ರ 7 ಕಿಲೋ ಕೂಸಿಗಿ ಒಂದು ಸಲಕ್ಕ 200 ಎಂಎಲ್ ಆಸುಪಾಸು. ಅಷ್ಟು ಸಣ್ಣ ಜಾಗಾದಾಗ ನೀರು ತುಂಬಿಸಿದ್ರ ಊಟ ಎಲ್ಲಿಂದ ಹಿಡಿಬೇಕು? ಎದಿಹಾಲಿನ ಜೊತಿಗಿ 6ರಿಂದ 8 ತಿಂಗಳ ಕೂಸಿಗಿ ದಿನಕ್ಕ 200 ಕ್ಯಾಲರಿ ಹೊರಗಿನ ಊಟದಿಂದ ಬೇಕು, 9ರಿಂದ 11 ತಿಂಗಳಿಗಿ 300, ವರ್ಷ ದಾಟಿದ ಮ್ಯಾಲ 550. ಇನ್ನೊಂದು ಕಬ್ಬಿಣದ ವಿಷಯ. ಹುಟ್ಟುವಾಗ ತಾಯಿಯಿಂದ ತಂದಿದ್ದ ಕಬ್ಬಿಣ ಆರು ತಿಂಗಳಿಗಿ ಮುಗೀಲಾಕ ಬರ್ತದ, ಎದಿಹಾಲಿನಾಗ ಕಬ್ಬಿಣ ಭಾಳ ಕಡಿಮಿ. ಅದಕ್ಕೇ ಆರು ತಿಂಗಳಿಗಿ ಶುರು ಮಾಡ್ರಿ ಅಂತಾರ, ಅದರ ಮೊದಲೂ ಬ್ಯಾಡ, ಛಲೋ ದಿನ ನೋಡಿ ಗುಡಿಗಿ ಕರಕೊಂಡು ಹೋಗಿ ಉಣಸ್ತೀವಿ ಅಂತ ಎಂಟನೇ ತಿಂಗಳ ತನಕ ಕಾಯೋದೂ ಬ್ಯಾಡ. ಶಾಸ್ತ್ರ ಆಮ್ಯಾಲ ಮಾಡಿದ್ರೂ ನಡೀತದ.

ಮೊದಲ ವಾರ ಏನು ಮಾಡಬೇಕು ಅಂದ್ರ, ಹೆಸರು ಬ್ಯಾಳಿ ಮತ್ತ ಅಕ್ಕಿ ಕೂಡಿಸಿ ಕುಕ್ಕರ್‌ನಾಗ ಮೆತ್ತಗ ಕುದಸಿ, ಕೈಲೆ ಅಥವಾ ಚಮಚಾಲೆ ಕಿವುಚಿ, ಮ್ಯಾಲ ಅರ್ಧ ಚಮಚಾ ತುಪ್ಪ. ಮಿಕ್ಸರ್ ಬ್ಯಾಡ್ರಿ, ಮಿಕ್ಸರ್‌ನಾಗ ಹಾಕಿದ್ರ ಮತ್ತ ನೀರು ಹಾಕ್ತೀವಿ, ಮತ್ತ ಕಟ್ಟೇ ಆಗ್ತದ. ಎಷ್ಟು ದಪ್ಪ ಇರಬೇಕು ಅನ್ನೋದಕ್ಕ ಒಂದು ಪರೀಕ್ಷಾ ಅದ, ಚಮಚಾ ವಾರಿ ಮಾಡಿದ್ರ ಊಟ ಸುರದು ಹೋಗಬಾರದು, ಚಮಚಾದ ಮ್ಯಾಲೇ ನಿಂದ್ರಬೇಕು. ದಿನಕ್ಕ ಎರಡು ಸಲ, ಒಂದೊಂದು ಸಲಕ್ಕ ಎರಡು ಮೂರು ಚಮಚಾ ಸಾಕು. ಕೂಸು ನಾಲಿಗಿಲೆ ಹೊರಗ ದಬ್ಬತದ, ಅದಕ್ಕ ಬ್ಯಾಡ ಆಗ್ಯಾದ ಅಂತ ತಿಳೀಬ್ಯಾಡ್ರಿ, ನುಂಗೋದು ಇನ್ನಾ ಕಲೀಲಾಕತ್ತದ ಅಷ್ಟೆ. ಒಂದು ಹೊಸ ಪದಾರ್ಥ ಕೊಟ್ರ ಎರಡು ಮೂರು ದಿನ ಬಿಟ್ಟು ಇನ್ನೊಂದು ಕೊಡ್ರಿ, ಯಾವುದರಿಂದ ಮೈಮ್ಯಾಲ ಗುಳ್ಳಿ ಎದ್ವು ಅಂತ ಗೊತ್ತಾಗ್ತದ.

ಎಂಟು ತಿಂಗಳ ತನಕ ಏರಿಸ್ಕೋತ ಹೋಗಿ 250 ಎಂಎಲ್ ವಾಟಿಯೊಳಗ ಅರ್ಧಕ್ಕ ಬರಬೇಕು, ದಿನಕ್ಕ 2–3 ಸಲ. ಒಂಬತ್ತು ತಿಂಗಳಿಂದ 3–4 ಸಲ, ನಡುವ ಒಂದೆರಡು ಸಲ ಬಾಳೆಹಣ್ಣು, ಮೊಸರು ಏನಾರ. ವರ್ಷ ತುಂಬಿದ ಮ್ಯಾಲ ಮುಕ್ಕಾಲು ವಾಟಿಯಿಂದ ಪೂರ್ತಿ ವಾಟಿ, ಮನಿ ಊಟನೇ, ಖಾರ ಹಾಕೋಕಿಂತ ಮೊದಲ ತಗದಿಟ್ಟಿದ್ದು. ಎದಿಹಾಲು ಎರಡು ವರ್ಷದ ತನಕ, ಮ್ಯಾಲೂ ನಡೀತದ.

ನಮ್ಮ ಕಡಿ ಜೋಳ ಇರಲಾರದ ಮನಿ ಇಲ್ಲ. ರಾಗಿ ತರಸಬೇಕು, ಬೆಂಗಳೂರಾಗ ಎಲ್ಲಾರೂ ರಾಗಿ ಮಾಲ್ಟ್ ಕೊಡ್ತಾರ ಅಂತ ಮೊಬೈಲ್‌ನಾಗ ನೋಡಿ ಕುಂತ್ರ ಆಗಂಗಿಲ್ಲ, ಜೋಳ ಏನು ಕಡಿಮಿ ಅದ? ನಾನು ಮಾಡೋ ಹಿಟ್ಟು ಹಿಂಗ: ಮೂರು ವಾಟಿ ಜೋಳ, ಒಂದು ವಾಟಿ ಹೆಸರು ಬ್ಯಾಳಿ, ಅರ್ಧ ವಾಟಿ ಶೇಂಗಾ. ಬ್ಯಾರೆ ಬ್ಯಾರೆ ಹುರದು, ಶೇಂಗಾದ ಸಿಪ್ಪಿ ತಿಕ್ಕಿ ತಗದು, ಬೂಸರು ಹಿಡದ ಕಾಳು ಒಂದೂ ಬಿಡದಂಗ ಆರಿಸಿ, ಸಣ್ಣಾಗಿ ಬೀಸಿ ಡಬ್ಬ್ಯಾಗ ಇಡೋದು. ಶೇಂಗಾ ಇರೋದ್ರಿಂದ ಎರಡು ವಾರಕ್ಕ ಆಗೋವಷ್ಟೇ ಮಾಡ್ರಿ, ಇಲ್ಲಂದ್ರ ವಾಸನಿ ಬರ್ತದ. ಎರಡು ಚಮಚಾ ಹಿಟ್ಟು ನೀರಾಗ ಕಲಸಿ ಗಂಟಿಲ್ಲದಂಗ ಏಳೆಂಟು ನಿಮಿಷ ಕುದಸಿದ್ರ ಆಯ್ತು. ತೊಗರಿ ಕಳೇವಿಗಿ ಹೋಗೋರು, ಗುಳೆ ಹೋಗೋ ಯಾದಗಿರಿ ಕಡಿ ಹೆಣ್ಮಕ್ಕಳು ಈ ಡಬ್ಬಿ ಮುದುಕಿ ಕೈಯಾಗ ಕೊಟ್ಟು ಹೋಗಬಹುದು, ಇಷ್ಟೇ ದಪ್ಪ ಮಾಡು ಅತ್ತಿ ಅಂತ ಒಂದು ಸಲ ಮಾಡಿ ತೋರಿಸಿ.

ಒಂದು ಎಚ್ಚರ. ರಾಗಿ, ಹೆಸರು ಮೊಳಕಿ ಕಟ್ಟಿ ಒಣಗಿಸಿ ಬೀಸಬಹುದು, ಆ ಹಿಟ್ಟು ಒಂದು ಚಮಚಾ ದಪ್ಪ ಗಂಜಿಗಿ ಹಾಕಿದ್ರ ನೀರು ಹಾಕದೇ ತೆಳ್ಳಗ ಆಗ್ತದ, ಕೂಸಿಗಿ ನುಂಗಾಕ ಸರಳ, ಶಕ್ತಿನೂ ಕಡಿಮಿ ಆಗಂಗಿಲ್ಲ. ಆದ್ರ ಜೋಳ ಮೊಳಕಿ ಕಟ್ಟಬ್ಯಾಡ್ರಿ. ಎಳೀ ಜೋಳದ ಬೆಳಿ ಮೇದು ದನ ಸಾಯೋದು ನಮ್ಮ ರೈತರಿಗಿ ಗೊತ್ತಿದ್ದ ಮಾತು, ಆ ಸಯನೈಡ್ ವಿಷ ಮೊಳಕಿಯೊಳಗೂ ಹುಟ್ತದ.

ತತ್ತಿ ವರ್ಷದ ತನಕ ಕೊಡಬ್ಯಾಡ, ಉಷ್ಣ ಅಂತಾರ. ಕೊಡ್ರಿ. ಆರು ತಿಂಗಳಾದ ಮ್ಯಾಲ ಪೂರ್ತಿ ಕುದಸಿದ ತತ್ತಿ ಸ್ವಲ್ಪ ಸ್ವಲ್ಪ ಕಿವುಚಿ ಕೊಡಬಹುದು, ತಿನ್ನೋ ಮನಿಯಾದ್ರ ಮೂಳಿ ತಗದು ಮೆತ್ತಗ ಕುದಸಿದ ಮಾಂಸಾನೂ. ತಿನ್ನಲಾರದವರು ಬ್ಯಾಳಿ, ರಾಜಗಿರಿ ಪಲ್ಯ, ಮೆಂತೆ ಪಲ್ಯ ಹಾಕಿ ಮ್ಯಾಲ ನಾಲ್ಕು ಹನಿ ನಿಂಬೆಹಣ್ಣು ಹಿಂಡ್ರಿ, ಹುಳಿ ಇದ್ರ ಕಬ್ಬಿಣ ಮೈಗಿ ಹತ್ತತದ. ಗಜ್ಜರಿ, ಕುಂಬಳಕಾಯಿ, ಪಪ್ಪಾಯಿನೂ ಸರದಿ ಮ್ಯಾಲ ಬರಲಿ. ಆಶಾ ಕಾರ್ಯಕರ್ತೆ ಕೊಡೋ ಕಬ್ಬಿಣದ ಸಿರಪ್ ವಾರಕ್ಕ ಎರಡು ಸಲ 1 ಎಂಎಲ್ ಹಾಕ್ರಿ, ಕಪ್ಪ ಕಕ್ಕಸ ಆದ್ರ ಹೆದರಿ ಬಾಟ್ಲಿ ಮೂಲ್ಯಾಗ ಒಗೀಬ್ಯಾಡ್ರಿ, ಅದು ಆಗೋದೇ. ಒಂಬತ್ತು ತಿಂಗಳ ಸೂಜಿ ಜೊತಿ ವಿಟಮಿನ್ ಎ 1 ಲಕ್ಷ ಯೂನಿಟ್ ಬಾಯಾಗ ಹಾಕ್ತಾರ, ಮರೀಬ್ಯಾಡ್ರಿ. ಅಂಗನವಾಡಿಯಿಂದ ಮನಿಗಿ ಬರೋ ಪ್ಯಾಕೆಟ್ ಕೂಸಿನ ಪಾಲು, ಮನಿಮಂದಿಗೆಲ್ಲ ಉಂಡಿ ಕಟ್ಟಿ ಹಂಚಾಕ ಅಲ್ಲ (ನಮ್ಮ ಮನ್ಯಾಗ ಇದೇ ಆಗಿತ್ತು).

ಕೊಡಬಾರದ್ದು ಅಂದ್ರ ಮೊದಲ ಹೆಸರು ಚಾ ಬಿಸ್ಕೀಟ್. ಮುಂಜಾನೆ ಎಲ್ಲಾರೂ ಚಾ ಕುಡಿಯುವಾಗ ಕೂಸು ಅಳ್ತದ ಅಂತ ಚಾದಾಗ ಬಿಸ್ಕೀಟ್ ಅದ್ದಿ ಬಾಯಾಗ ಇಡ್ತೀವಿ, ಆ ಚಾ ಊಟದಾಗಿನ ಕಬ್ಬಿಣ ಮೈಗಿ ಹತ್ತಗೊಡಂಗಿಲ್ಲ, ಬಿಸ್ಕೀಟ್ ಸಕ್ರಿ ಮೈದಾ, ಹೊಟ್ಟಿ ತುಂಬಿ ಮಧ್ಯಾಹ್ನ ಊಟ ಬ್ಯಾಡ ಅಂತದ. ಜೇನುತುಪ್ಪ ವರ್ಷದ ಒಳಗ ಒಂದು ಹನಿನೂ ಬ್ಯಾಡ, ಅದರಾಗಿನ ಬೊಟುಲಿಸಂ ಕ್ರಿಮಿ ಕೂಸಿನ ಕರಳಿನಾಗ ಬೆಳದು ಜೀವಕ್ಕೇ ಕುತ್ತು. ಉಪ್ಪು ವರ್ಷ ತುಂಬೋ ತನಕ, ಸಕ್ರಿ ಬೆಲ್ಲ ಎರಡು ವರ್ಷದ ತನಕ ಹಾಕದಿದ್ರ ಛಲೋ. ಇಡೀ ಶೇಂಗಾ, ಪುಟಾಣಿ ಐದು ವರ್ಷದ ತನಕ ಕೈಗಿ ಕೊಡಬ್ಯಾಡ್ರಿ, ಗಂಟಲಾಗ ಸಿಕ್ಕೋತಾವ, ಶೇಂಗಾ ಪುಡಿ ಮಾಡೇ ಹಾಕ್ರಿ. ದ್ರಾಕ್ಷಿ ಉದ್ದಕ್ಕ ಸೀಳಿ ಕೊಡ್ರಿ. ಬಾಟ್ಲಿ ನಿಪ್ಪಲ್ ಬ್ಯಾಡೇ ಬ್ಯಾಡ, ಅದನ್ನ ಸ್ವಚ್ಛ ಇಡಾಕ ನಮ್ಮಿಂದ ಆಗಂಗಿಲ್ಲ, ವಾಟಿ ಚಮಚಾ ಸಾಕು. ನೀರು? ನಮ್ಮ ಬ್ಯಾಸಗಿ 42 ಡಿಗ್ರಿ ದಾಟಿದ್ರೂ ಆರು ತಿಂಗಳ ಒಳಗಿನ ಕೂಸಿಗಿ ಎದಿಹಾಲು ಸಾಕು, ಅದರಾಗ ನೂರಕ್ಕ 88 ಪಾಲು ನೀರೇ ಇರ್ತದ. ಊಟ ಶುರು ಆದ ಮ್ಯಾಲ ಕುದಸಿ ಆರಿಸಿದ ನೀರು ನಡುನಡುವ.

ಮೂಗು ಹಿಡದು, ಕಾಲಾಗ ಒತ್ತಿ ಮಲಗಿಸಿ ಹಾಕೋದು ಮಾತ್ರ ಬಿಡ್ರಿ ದಯಮಾಡಿ. ಕುಂಡ್ರಿಸಿ, ಮುಖ ನೋಡಿ, ಮಾತಾಡಕೋತ ಉಣಸ್ರಿ. ಬಾಯಿ ಮುಚ್ಚಿ ಮುಖ ತಿರುಗಿಸಿದ್ರ ಬಿಟ್ಟು ಆಮ್ಯಾಲ ನೋಡ್ರಿ, ಇವತ್ತು ಉಗುಳಿದ ಪಲ್ಯ ಎಂಟು ಹತ್ತು ಸಲ ತೋರಿಸಿದ ಮ್ಯಾಲ ತಿಂತಾವ. ನನ್ನ ಸಣ್ಣ ಮಗಳು ಮೆಂತೆಗಿ ಹದಿನೈದು ದಿನ ಮುಖ ಕಿವುಚಿದ್ಲು.

ಭೇದಿ ಹತ್ತಿದ್ರ ಊಟ ನಿಂದ್ರಸಬ್ಯಾಡ್ರಿ, ಎದಿಹಾಲು, ಓಆರ್‌ಎಸ್, 14 ದಿನ ಜಿಂಕ್ ಗುಳಿಗಿ, ಆರಾಮ ಆದ ಮ್ಯಾಲ ಎರಡು ವಾರ ದಿನಕ್ಕ ಒಂದು ಊಟ ಹೆಚ್ಚಿಗಿ. ಕಣ್ಣು ಒಳಗ ಹೋಗಿ ಕೂಸು ಸುಸ್ತಾಗಿದ್ರ, ಕುಡಿಯೋದೇ ಬಿಟ್ರ ಕಾಯಬ್ಯಾಡ್ರಿ, ದವಾಖಾನಿಗಿ ಒಯ್ರಿ. ಅಂಗನವಾಡಿ ಟೀಚರ್ ಹತ್ತಿರ ತೋಳು ಅಳಿಯೋ ಬಣ್ಣದ ಪಟ್ಟಿ ಇರ್ತದ, ಆರು ತಿಂಗಳು ದಾಟಿದ ಕೂಸಿಗಿ 11.5 ಸೆಂಟಿಮೀಟರ್‌ಕ್ಕಿಂತ ಕಡಿಮಿ ಬಂದ್ರ ಕೆಂಪು, ಆಗ ದವಾಖಾನ್ಯಾಗ ನೋಡಿ, ಬೇಕಾದ್ರ ಜಿಲ್ಲಾ ಆಸ್ಪತ್ರಿಯೊಳಗಿನ ಸೊರಗಿದ ಕೂಸುಗಳ ಆರೈಕಿ ಕೇಂದ್ರಕ್ಕ, ಅಂದ್ರ ಎನ್‌ಆರ್‌ಸಿಗಿ ಕಳಸ್ತಾರ, ತಾಯಿ ಕೂಸು ಇಬ್ರೂ ಅಲ್ಲೇ ಉಳಿಯೋದು. ಹಳದಿ ಬಂದ್ರ ಮನ್ಯಾಗಿನ ಗಂಜಿ ದಪ್ಪ ಮಾಡಿ, ತುಪ್ಪ ಅರ್ಧ ಚಮಚಾ ಹೆಚ್ಚಿಗಿ ಹಾಕಿ, ಮುಂದಿನ ತಿಂಗಳು ಮತ್ತ ಅಳಸ್ರಿ.